ಕಸೂತಿ: ಕನ್ನಡಿ ಹಚ್ಚಿದ್ದೆಲ್ಲ ಕಸೂತಿ ಅಲ್ಲ

ನವರಾತ್ರಿ ಹತ್ತಿರ ಬಂತೆಂದರೆ ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿ ಕಡೆಯ ಅಂಗಡಿಗಳ ಮುಂದೆ ಘಾಗ್ರಾ-ಚೋಳಿಗಳು ತೂಗಾಡುತ್ತವೆ. ದಾಂಡಿಯಾ ಆಡುವವರಿಗೆ. ಕೆಂಪು, ಹಸಿರು, ಹಳದಿ, ಮೈತುಂಬ ಕನ್ನಡಿ. ನೋಡಲು ಚಂದವೇ ಇರುತ್ತವೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಒಂದು ಅಂಗಡಿಯವರು ಅದಕ್ಕೆ ಪಿನ್ನು ಚುಚ್ಚಿದ ಚೀಟಿಯ ಬಗ್ಗೆ. ಅದರಲ್ಲಿ ಬರೆದದ್ದು ‘ಕಸೂತಿ ವರ್ಕ್’. ಈಗ ಮೊಬೈಲಿನಲ್ಲಿ ಸೀರೆ ಮಾರುವವರೂ ಇದೇ ಮಾತು ಆಡುತ್ತಾರೆ. ರಾಜಸ್ಥಾನಿ ಕಸೂತಿ ದುಪಟ್ಟಾ, ಕಛ್ ಕಸೂತಿ ಬ್ಯಾಗು, ಕನ್ನಡಿ ಕಸೂತಿ ಕುರ್ತಾ. ಇನ್ನು ಸುಮ್ಮನಿದ್ದರೆ ಸ್ವೆಟರೂ ಕಸೂತಿ ಆದೀತು.

‘ಕಸೂತಿ ಅಂದರೆ ಎಂಬ್ರಾಯ್ಡರಿ ತಾನೇ?’ ಎಂದು ಕೇಳುವವರಿದ್ದಾರೆ. ಪತ್ರಿಕೆ ಕನ್ನಡದಲ್ಲಿ ಹೌದು. ನಮ್ಮ ಉತ್ತರ ಕರ್ನಾಟಕದಲ್ಲಿ ಮಾತ್ರ ಅದು ಒಂದು ಬಗೆಯ ಕೈಹೊಲಿಗೆಗಷ್ಟೇ ಇರುವ ಹೆಸರು. ಲಖನೌದ ಚಿಕನ್‌ಕಾರಿ, ಪಂಜಾಬಿನ ಫುಲ್ಕಾರಿ, ಬಂಗಾಳದ ಕಾಂಥಾ ಎಲ್ಲಕ್ಕೂ ‘ಅಲ್ಲಿಯ ಕಸೂತಿ’ ಎಂದು ಬರೆದು ಮುಗಿಸುತ್ತಾರೆ. ಬೆಂಗಳೂರಿನವರು ಹಾಗೆ ಬರೆದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಒಂದು ಊರಿನ ಮಾತು ನಾಡಿನ ಮಾತಾಗುವುದು ಹೊಸದೇನಲ್ಲ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕೂತು, ಅಜ್ಜಿಯ ಇಳಕಲ್ ಸೀರೆ ಇನ್ನೂ ಟ್ರಂಕಿನಲ್ಲಿರುವಾಗ, ಕನ್ನಡಿ ಹಚ್ಚಿದ್ದಕ್ಕೆ ಕಸೂತಿ ಅಂದರೆ? ಬೇರೆ ಯಾವ ಹೊಲಿಗೆಗೆ ಅಂದರೂ ತಡೆದುಕೊಳ್ಳಬಹುದು. ಕನ್ನಡಿ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕಸೂತಿಯ ಜೀವ ಇರುವುದು ಎಣಿಕೆಯಲ್ಲಿ. ಬಟ್ಟೆಯ ಮೇಲೆ ಮೊದಲು ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಟ್ರೇಸ್ ಮಾಡುವುದಿಲ್ಲ. ಹಾಸು-ಹೊಕ್ಕಿನ ಎಳೆಗಳನ್ನು ಕಣ್ಣಿನಲ್ಲೇ ಎಣಿಸಿಕೊಂಡು ಸೂಜಿ ಹಾಕಬೇಕು. ಎಳೆ ಎಣಿಸಲು ಬಾರದಷ್ಟು ನುಣುಪಾದ ಬಟ್ಟೆಯಾದರೆ ಮೇಲೊಂದು ಜಾಳು ಬಟ್ಟೆ ಟಾಕಿ, ಅದರ ಲೆಕ್ಕದಲ್ಲಿ ಹೊಲಿದು, ಆಮೇಲೆ ಆ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾರೆ. ಹೊಲಿಗೆ ನಾಲ್ಕೇ: ಗವಂತಿ, ಮುರಗಿ, ನೇಯ್ಗೆ, ಮೆಂತಿ. ಇದರಲ್ಲಿ ಗವಂತಿಯನ್ನು ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ಸೂಜಿ ಹೋಗುವಾಗ ಒಂದು ಮನೆ (ಎಣಿಸಿದ ಎಳೆಗಳಷ್ಟು ಜಾಗ) ಹೊಲಿದು ಒಂದು ಮನೆ ಬಿಡುತ್ತದೆ. ಆಕಾರ ಸುತ್ತಿ ಬರುವಾಗ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತದೆ. ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಮುಂಬದಿಯಲ್ಲಿ ಯಾವ ಗೆರೆಯೋ ಹಿಂಬದಿಯಲ್ಲೂ ಅದೇ ಗೆರೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. (ಗವಂತಿ ಎಂಬ ಹೆಸರು ‘ಗಂಟು’ ಎಂಬುದರಿಂದ ಬಂತು ಎನ್ನುತ್ತಾರೆ. ಗಂಟೇ ಇಲ್ಲದ ಹೊಲಿಗೆಗೆ ಗಂಟಿನ ಹೆಸರು. ಇರಲಿ.) ಮುರಗಿಯೂ ಇದೇ ಜಾತಿ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದಕ್ಕೂ ಎರಡು ಮುಖ ಒಂದೇ.

ಇಲ್ಲಿ ಇನ್ನೊಂದು ಅತಿಮಾತು ಇದೆ. ‘ಕಸೂತಿ ಅಂದರೆ ಎರಡೂ ಕಡೆ ಒಂದೇ ತರ ಕಾಣಬೇಕು’ ಎಂದು ಹೇಳಿ, ಅಜ್ಜಿ ಹಾಕಿದ ಸೆರಗನ್ನು ಉಲ್ಟಾ ಮಾಡಿ ನೋಡಿ, ‘ಇದು ಅಸಲಿ ಅಲ್ಲ’ ಎಂದು ಬಿಡುವವರು. ನಾಲ್ಕಕ್ಕೂ ಆ ನಿಯಮ ಇಲ್ಲ. ನೇಯ್ಗೆ ಹೊಲಿಗೆ ಮಗ್ಗದಲ್ಲಿ ನೇಯ್ದ ಹಾಗೆ ಕಾಣಲೆಂದೇ ಹಾಕುವುದು. ಮುಂದೆ ದಾರ ಕಂಡಲ್ಲಿ ಹಿಂದೆ ಖಾಲಿ, ಹಿಂದೆ ಕಂಡಲ್ಲಿ ಮುಂದೆ ಖಾಲಿ. ಮೆಂತಿ ಅಡ್ಡಡ್ಡ ಹೊಲಿಗೆ, ಮೆಂತ್ಯದ ಕಾಳು ಹರವಿದ ಹಾಗೆ ಜಾಗ ತುಂಬುತ್ತದೆ. ಅದರ ಹಿಂಬದಿ ಬೇರೆಯೇ. ದಾರವೂ ಜಾಸ್ತಿ ತಿನ್ನುತ್ತದೆ. ನಿಯಮ ಹೇಳುವುದಾದರೆ ಪೂರ್ತಿ ಹೇಳಬೇಕು, ಅಲ್ವಾ?

ಈಗ ಕನ್ನಡಿಗೆ ಬನ್ನಿ. ಬಟ್ಟೆಗೆ ಹಚ್ಚುವ ಕನ್ನಡಿಗೆ ತೂತು ಇರುವುದಿಲ್ಲ. ಅದನ್ನು ಬಟ್ಟೆಯ ಮೇಲಿಟ್ಟು ಅಡ್ಡ ಎರಡು, ಉದ್ದ ಎರಡು ದಾರ ಬಿಗಿದು ಮೊದಲು ಕಟ್ಟಿಹಾಕುತ್ತಾರೆ. ಆಮೇಲೆ ಆ ದಾರಗಳನ್ನೇ ಸೂಜಿಯಿಂದ ಹೊರಕ್ಕೆ ಜಗ್ಗುತ್ತ, ಅಂಚಿನ ಸುತ್ತ ಕಾಜಾ ತರದ ಹೊಲಿಗೆ ಹಾಕುತ್ತ ಹೋಗುತ್ತಾರೆ. ಸುತ್ತು ಮುಗಿಯುವ ಹೊತ್ತಿಗೆ ಕನ್ನಡಿಗೆ ದಾರದ ಕಟ್ಟು ಬಿದ್ದಿರುತ್ತದೆ, ನಡುವೆ ಗಾಜು ಹೊಳೆಯುತ್ತದೆ. ಬುದ್ಧಿವಂತ ಕೆಲಸ. ಹಳೆಯ ಕಾಲದ ಗಾಜೂ ಹಾಗೆಯೇ. ಕುಲುಮೆಯಲ್ಲಿ ತೆಳುವಾಗಿ ಊದಿದ ಗುಂಡು ಬುರುಡೆಯ ಒಳಗೆ ಕಲಾಯಿ ಹಾಯಿಸಿ, ಅದನ್ನು ಒಡೆದು, ಚೂರುಗಳನ್ನು ಕತ್ತರಿಸಿ ತಯಾರಿಸುತ್ತಿದ್ದರು. ಗುಜರಾತಿನ ಕಪಡವಂಜ್ ಇದಕ್ಕೆ ಹೆಸರಾದ ಊರು. ಉಬ್ಬಿದ ಬುರುಡೆಯ ಚೂರು ಆದ್ದರಿಂದ ಹಳೆಯ ಕನ್ನಡಿ ಪೂರ್ತಿ ಸಪಾಟಾಗಿರುವುದಿಲ್ಲ, ಬೆಳಕು ಅಲ್ಲಾಡಿದಂತೆ ಕಾಣುತ್ತದೆ. ಈಗಿನ ಘಾಗ್ರಾಗಳಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್ ಬಿಲ್ಲೆ. ಅದನ್ನೂ ಅಂಟಿನಿಂದ ಕೂರಿಸಿರುತ್ತಾರೆ. ಮಾತು ಅದಲ್ಲ.

ಮಾತು ಏನೆಂದರೆ, ಕನ್ನಡಿಗೆ ಬೆನ್ನು ಇದೆ. ಒಂದೇ ಮುಖ ಹೊಳೆಯುತ್ತದೆ. ಕನ್ನಡಿ ಹಚ್ಚಿದ ಬಟ್ಟೆಗೆ ಹಿಂಬದಿ ಎಂಬುದು ಇರಲೇಬೇಕು, ಅದನ್ನು ಸಾಮಾನ್ಯವಾಗಿ ಅಸ್ತರು ಹಾಕಿ ಮುಚ್ಚುತ್ತಾರೆ. ಗವಂತಿ, ಮುರಗಿ ಹಾಕುವವರು ಜೀವಮಾನವಿಡೀ ತಪ್ಪಿಸಲು ಹೆಣಗುವುದು ಇದನ್ನೇ. ಇನ್ನೊಂದು ಮಾತು. ಎಳೆ ಎಣಿಸಿ ಮಾಡುವ ಕೆಲಸದ ನಡುವೆ ಕನ್ನಡಿ ಬಂದು ಕೂತರೆ ಅದರ ಕೆಳಗಿನ ಎಳೆಗಳನ್ನು ಎಣಿಸುವವರು ಯಾರು? ಕನ್ನಡಿ ಬಟ್ಟೆಯನ್ನು ಮುಚ್ಚುತ್ತದೆ, ಕಸೂತಿ ಬಟ್ಟೆಯನ್ನು ಓದುತ್ತದೆ. ಎರಡೂ ದೊಡ್ಡ ವಿದ್ಯೆಗಳೇ. ಆದರೆ ಹಿಡಿದ ದಾರಿಗಳು ಎದುರುಬದುರು. ಹೋಲಿಕೆ ಬೇಕೇ ಬೇಕೆಂದರೆ ಕಛ್‌ನಲ್ಲೇ ‘ಸೂಫ್’ ಎಂಬ ಕೆಲಸ ಇದೆ. ಅದನ್ನೂ ಗೆರೆ ಎಳೆಯದೆ, ಎಳೆ ಎಣಿಸಿ, ಬಟ್ಟೆಯ ಹಿಂಬದಿಯಿಂದ ಹೊಲಿಯುತ್ತಾರೆ. ಅದಕ್ಕೆ ಯಾರಾದರೂ ‘ಕಛ್‌ನ ಕಸೂತಿ’ ಎಂದರೆ ಅರ್ಧ ಮನಸ್ಸಿನಿಂದ ಒಪ್ಪಿಯೇನು.

ಈ ಪದ ಎಲ್ಲಿಂದ ಬಂತು? ಎಲ್ಲ ಕಡೆ ಒಂದೇ ಉತ್ತರ ಸಿಗುತ್ತದೆ: ‘ಕೈ + ಸೂತಿ = ಕಸೂತಿ’. ಕೈಯಿಂದ ಮಾಡಿದ ನೂಲಿನ ಕೆಲಸ. ಒಬ್ಬರು ಬರೆದದ್ದನ್ನು ನೂರು ಜನ ನಕಲು ಹೊಡೆದು ಇದು ವೇದವಾಕ್ಯ ಆಗಿಬಿಟ್ಟಿದೆ. ನನಗೆ ಇದು ರುಚಿಸುವುದಿಲ್ಲ. ಒಂದು, ಕನ್ನಡದಲ್ಲಿ ‘ಕೈ’ ಬೇರೆ ಪದದ ಜತೆ ಸೇರಿದರೆ ಸಾಮಾನ್ಯವಾಗಿ ‘ಕೈ’ ಆಗಿಯೇ ಉಳಿಯುತ್ತದೆ. ಕೈಮಗ್ಗ, ಕೈಚೀಲ, ಕೈಕಸಬು, ಕೈದೋಟ. ಇಲ್ಲಿ ಮಾತ್ರ ‘ಕ’ ಯಾಕಾಯಿತು? ಎರಡು, ‘ಸೂತಿ’ ನಮ್ಮ ಮಾತಲ್ಲ. ಹಿಂದಿ, ಮರಾಠಿಯಲ್ಲಿ ಅದಕ್ಕೆ ಹತ್ತಿಯದು ಎಂಬ ಅರ್ಥ. ನಾವು ನೂಲು ಅನ್ನುತ್ತೇವೆ, ದಾರ ಅನ್ನುತ್ತೇವೆ, ಎಳೆ ಅನ್ನುತ್ತೇವೆ. ಮೂರು, ಹಳೆಯ ಕಸೂತಿಯ ದಾರ ಹತ್ತಿಯದಲ್ಲ, ರೇಷ್ಮೆ. ಹತ್ತಿಯ ಸೀರೆಯ ಮೇಲೂ ರೇಷ್ಮೆ ಎಳೆಯೇ ಓಡುತ್ತಿತ್ತು. ಕೊನೆಯದು, ಯಂತ್ರ ಬರುವ ಮುಂಚೆ ಯಾವ ಹೊಲಿಗೆ ಕೈಯದಾಗಿರಲಿಲ್ಲ? ಎಲ್ಲವೂ ಕೈಯದೇ ಆಗಿದ್ದಾಗ ಇದೊಂದಕ್ಕೆ ‘ಕೈ’ ಎಂದು ಹೆಸರಿಡುವ ಪ್ರಸಂಗವೇ ಇಲ್ಲ.

ಎರಡನೆಯ ದಾರಿ ಫಾರ್ಸಿಯದು. ‘ಕಶೀದನ್’ ಎಂದರೆ ಎಳೆಯುವುದು, ‘ಕಶೀದಾ’ ಎಂದರೆ ಎಳೆದದ್ದು. ಕಾಶ್ಮೀರದಿಂದ ಬಿಹಾರದವರೆಗೆ ದಾರದ ಚಿತ್ತಾರಕ್ಕೆ ಕಶೀದಾ ಎಂಬ ಹೆಸರಿದೆ. ಬೆಳಗಾವಿಯ ಮರಾಠಿ ಮನೆಗಳಲ್ಲೂ ‘ಕಶಿದಾ’ ಅನ್ನುತ್ತಾರೆ. ನಮ್ಮ ‘ಎಳೆ’ ನೋಡಿ, ಅದೂ ಹೀಗೆಯೇ. ಜಗ್ಗುವುದೂ ಎಳೆ, ದಾರವೂ ಎಳೆ. ಆದಿಲ್‌ಶಾಹಿಗಳು ವಿಜಯಪುರದಲ್ಲಿ ಆಳಿದ್ದು 1490ರಿಂದ 1686ರವರೆಗೆ. ಸುಮಾರು 200 ವರ್ಷ ಫಾರ್ಸಿ ದರಬಾರಿನ ಮಾತಾಗಿತ್ತು. ಬಟ್ಟೆಯ ಲೋಕದಲ್ಲಿ ಆ ಭಾಷೆಯ ಮಾತುಗಳನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ ನೋಡಿ. ರೇಷ್ಮೆ, ಜರಿ, ಶಾಲು, ರುಮಾಲು, ನಾಲ್ಕೂ ಫಾರ್ಸಿ ಮೂಲದವು. ಅವುಗಳ ಸಾಲಿನಲ್ಲಿ ಐದನೆಯದಾಗಿ ಕಸೂತಿ ಬಂದು ಕೂತರೆ ಆಶ್ಚರ್ಯವಿಲ್ಲ.

ಅರ್ಥ ಹೊಂದುತ್ತದೆ, ಊರು ಹೊಂದುತ್ತದೆ, ಕಾಲ ಹೊಂದುತ್ತದೆ. ತೊಡಕು ಸದ್ದಿನದು. ‘ಶ’ ‘ಸ’ ಆಗುವುದು ದಿನನಿತ್ಯದ ಸಂಗತಿ. ‘ದಾ’ ಹೋಗಿ ‘ತಿ’ ಬರುವುದು ಸ್ವಲ್ಪ ಕಷ್ಟ. ನಡುವಿನ ‘ಈ’ ‘ಊ’ ಆಗುವುದು ಇನ್ನೂ ಕಷ್ಟ. ನನಗನ್ನಿಸುವುದು, ಕಶೀದಾ ಎಂಬ ಪದ ಕೇಳಿದ ನಮ್ಮವರ ಬಾಯಲ್ಲಿ ಪಕ್ಕದ ಮರಾಠಿಯ ಸೂತ, ಸುತಿಗಳೂ ಬೆರೆತಿರಬೇಕು. ಪದಗಳು ಹಾಗೆ ಒಂದಕ್ಕೊಂದು ಉಜ್ಜಿಕೊಳ್ಳುವುದುಂಟು. ಇದು ನನ್ನ ಊಹೆ, ಯಾರೂ ನಕಲು ಹೊಡೆಯಬೇಡಿ. ಇನ್ನು ‘ಕಸೂತಿ ಚಾಲುಕ್ಯರ ಕಾಲದ್ದು, ಬಾದಾಮಿಯ ಶಿಲ್ಪಗಳೇ ಸಾಕ್ಷಿ’ ಎನ್ನುವವರಿಗೆ ಒಂದೇ ಮಾತು. ಕಲ್ಲಿನ ಸೀರೆಯ ಮೇಲೆ ಚಿತ್ತಾರ ಇದೆ, ನಿಜ. ಅದು ನೇಯ್ದದ್ದೋ, ಅಚ್ಚು ಹಾಕಿದ್ದೋ, ಹೊಲಿದದ್ದೋ ಎಂದು ಕಲ್ಲನ್ನು ಉಲ್ಟಾ ಮಾಡಿ ನೋಡಲಿಕ್ಕಾಗುವುದಿಲ್ಲ.

ಹಾಗಾದರೆ ಕನ್ನಡಿ ಕೆಲಸ ನಮ್ಮ ಸೀಮೆಯಲ್ಲಿ ಇಲ್ಲವೇ? ಧಾರಾಳವಾಗಿ ಇದೆ. ವಿಜಯಪುರ ಜಿಲ್ಲೆಯ ಯಾವುದೇ ಲಂಬಾಣಿ ತಾಂಡಾದ ಹಿರಿಯ ಹೆಂಗಸರ ಪೆಟ್ಟಿಗೆ ತೆರೆಸಿ ನೋಡಿ. ಫೇಟ್ಯಾ ಅಂದರೆ ಲಂಗ, ಕಾಂಚಳಿ ಅಂದರೆ ಬೆನ್ನಿಗೆ ಲಾಡಿ ಕಟ್ಟುವ ಕುಪ್ಪಸ, ಛಾಟ್ಯಾ ಅಂದರೆ ತಲೆಯ ಮೇಲಿನ ಹೊದಿಕೆ. ಅದರ ತುಂಬ ಕನ್ನಡಿ, ಕವಡೆ, ನಾಣ್ಯ, ಮಣಿ, ಉಲ್ಲನ್ ಕುಚ್ಚು, ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಉತ್ತರದಿಂದ ದಖ್ಖನ್‌ಗೆ ಓಡಾಡಿದ ಜನ. ಆ ದಾರಿಯ ಗುರುತು ಬಟ್ಟೆಯ ಮೇಲಿದೆ. ರಾಜಸ್ಥಾನ, ಗುಜರಾತಿನ ಕೆಲಸದ ಜತೆ ನಂಟು ಕಾಣುತ್ತದೆ. ಹಾಗೆಂದು ಎರಡೂ ಒಂದಲ್ಲ. ಕಛ್‌ನ ಅಹೀರ ಸಮುದಾಯದವರ ಕೆಲಸದಲ್ಲಿ ಹೂಬಳ್ಳಿ ಹರಿದಾಡುತ್ತದೆ, ಸರಪಳಿ ಹೊಲಿಗೆ ಜಾಸ್ತಿ. ಲಂಬಾಣಿಯಲ್ಲಿ ಚೌಕ, ತ್ರಿಕೋನ, ಪಟ್ಟಿ.

ಇಲ್ಲಿ ಸರ್ಕಾರಿ ಕನ್ನಡವೂ ಗೊಂದಲಕ್ಕೆ ತನ್ನ ಪಾಲು ಸೇರಿಸಿದೆ. ಸಂಡೂರಿನ ಲಂಬಾಣಿ ಎಂಬ್ರಾಯ್ಡರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಕಸೂತಿಗೆ ಬೇರೆಯೇ ಜಿಐ ಇದೆ. ಎರಡು ಹೆಸರು, ಎರಡು ನೋಂದಣಿ. ಕಾನೂನಿಗೇ ಇವು ಬೇರೆ ಬೇರೆ. ಆದರೆ 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆದಾಗ, ಅದೂ ಕನ್ನಡದಲ್ಲಿ ‘ಲಂಬಾಣಿ ಕಸೂತಿ’ ಆಗಿ ಓಡಾಡಿತು. ‘ಲಂಬಾಣಿ ಹೊಲಿಗೆ’ ಎಂದರೆ ಏನು ಕಡಿಮೆಯಾಗುತ್ತಿತ್ತು? ಕಸೂತಿ ಅಂದರೇನೇ ಗೌರವ ಎಂಬ ಭಾವನೆ ಇದರ ಹಿಂದೆ ಇದ್ದರೆ, ಅದು ತಾಂಡಾದ ಹೆಂಗಸರಿಗೆ ಮಾಡುವ ಅನ್ಯಾಯ. ಅವರಲ್ಲಿ ಒಂದೊಂದು ಹೊಲಿಗೆಗೂ ಅವರದೇ ಹೆಸರಿದೆ.

ಕಸೂತಿ ಅಲ್ಲದಿದ್ದರೂ ಕಸೂತಿ ಎನ್ನಿಸಿಕೊಳ್ಳುವ ಇನ್ನೆರಡು ವಸ್ತು ನಮ್ಮ ಮನೆಯೊಳಗೇ ಇವೆ. ಇಳಕಲ್ ಸೀರೆಯ ಸೆರಗಿನಲ್ಲಿ ಸಾಲಾಗಿ ಬರುವ ತೆನೆ ಹೊಲಿದದ್ದಲ್ಲ, ಮಗ್ಗದ ಮೇಲೆ ನೇಯ್ದದ್ದು. ಆ ರೇಷ್ಮೆ ಸೆರಗನ್ನು ಸೀರೆಯ ಮೈಯ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕಸೂತಿ ಹಾಕುವುದು ಆಮೇಲೆ, ಸೀರೆ ಮನೆಗೆ ಬಂದ ಮೇಲೆ: ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ಗಿಳಿ. ಗುಳೇದಗುಡ್ಡದ ಖಣವೂ (ಕುಪ್ಪಸದ ಬಟ್ಟೆ) ಮಗ್ಗದಲ್ಲಿ ನೇಯ್ದದ್ದೇ. ಈಗ ‘ಕಸೂತಿ ಖಣ’ ಎಂದು ಮಾರುತ್ತಾರೆ. ಖಣದ ಮೇಲೆ ಯಾರೋ ಕೂತು ಕಸೂತಿ ಹಾಕಿದ್ದರೆ ಸರಿ. ಇಲ್ಲದಿದ್ದರೆ ಅದು ಬರೀ ಖಣ, ಮತ್ತು ಬರೀ ಖಣವೇ ಸಾಕಷ್ಟು ಚಂದ.

ಇದನ್ನೆಲ್ಲ ಮೀರಿಸಿದ್ದು ‘ಮಗ್ಗಂ ವರ್ಕ್’. ಮದುವೆ ಬ್ಲೌಸಿನ ತೋಳಿಗೆ ಈಗ ಅದಿಲ್ಲದೆ ನಡೆಯುವುದಿಲ್ಲ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆ ಇರುವ ಆರಿ ಸೂಜಿಯಿಂದ ಜರಿ, ಮಣಿ, ಚಮಕಿ ಕೂರಿಸುವ ಕೆಲಸ ಅದು. ಆ ಚೌಕಟ್ಟಿಗೆ ಆಂಧ್ರದ ಕಡೆ ಮಗ್ಗಂ ಅಂದರು, ಹೆಸರು ಹಾಗೇ ಇಲ್ಲಿಗೆ ಬಂತು. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಮುಂದೆ ನಿಂತು ‘ಮಗ್ಗದ ಕೆಲಸ ಮಾಡಿಸಿದ್ದೀನಿ’ ಎಂದು ಬ್ಲೌಸ್ ತೋರಿಸಿ ನೋಡಿ, ಏನನ್ನುತ್ತಾರೋ. ಆರಿ ಕೆಲಸ ಅನ್ನಿ, ಮುಗಿಯಿತು.

ಅಂಗಡಿಯಲ್ಲಿ ‘ಪ್ಯೂರ್ ಕಸೂತಿ’ ಎಂದು ಸೀರೆ ಬಿಚ್ಚಿದರೆ ಸೆರಗಿನ ಹಿಂಬದಿ ನೋಡಿ. ಮುಂದೆ ಬಣ್ಣಬಣ್ಣದ ತೇರು, ಹಿಂದೆ ಪೂರ್ತಿ ಬಿಳಿ ದಾರ, ಅಲ್ಲಲ್ಲಿ ಹರಿದ ಕಾಗದದಂಥ ಅಸ್ತರು ಅಂಟಿಕೊಂಡಿದ್ದರೆ ಅದು ಕಂಪ್ಯೂಟರ್ ಮಷೀನಿನ ಕೆಲಸ. ಬರೀ ಬಣ್ಣ ಅಚ್ಚು ಹಾಕಿದ್ದಾದರೆ ಹಿಂದೆ ಮಸುಕು ಕಲೆ ಕಾಣುತ್ತದೆ, ಬೆರಳಿಗೆ ದಾರವೇ ಸಿಗುವುದಿಲ್ಲ. ಎರಡನ್ನೂ ಕೊಳ್ಳಬಹುದು, ಉಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಕೈಯ ಕಸೂತಿಯ ರೇಟು ಮಾತ್ರ ಕೊಡಬೇಡಿ.