ಬಂಗಲೆಯ ಮಾಡು ಸೋರುವುದೇಕೆ?

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಉಳಿದಿರುವ ನೂರು ವರ್ಷದ ಬಂಗಲೆಗಳಿಗೆ ‘ಬ್ರಿಟಿಷರ ಮನೆ’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ನಕ್ಷೆ ಅವರದೇ: ಸುತ್ತ ಜಗಲಿ, ನಡುವೆ ಹಾಲ್, ಅಕ್ಕಪಕ್ಕ ಕೋಣೆ, ಬೆಂಕಿಗೆ ಅಂಜಿ ಹಿಂದಕ್ಕೆ ಸರಿಸಿದ ಅಡುಗೆಮನೆ. ಆದರೆ ಅದನ್ನು ಇಷ್ಟು ಮಳೆಗಾಲ ನಿಲ್ಲಿಸಿದ್ದು ಮಂಗಳೂರಿನ ಹಂಚು ಮತ್ತು ಆಚಾರಿಗಳ ಮರಗೆಲಸ.

1830ರ ಸುಮಾರಿಗೆ ಯುರೋಪಿಯನ್ ಪ್ಲಾಂಟರುಗಳು ಈ ಸೀಮೆಗೆ ಬಂದಾಗ ಮಾಡಿಗೆ, ಅಂದರೆ ಛಾವಣಿಗೆ, ಹುಲ್ಲೇ ಗತಿ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಾಸನ–ಮಂಗಳೂರು ರೈಲು ಓಡಿದ್ದು 1979ರಲ್ಲಿ. ಅಲ್ಲಿಯತನಕ ಹಂಚನ್ನು ಘಟ್ಟ ಹತ್ತಿಸಲು ರಸ್ತೆಯೇ ದಾರಿ. ನೂರು ಚದರಡಿಗೆ ಸುಮಾರು 150 ಹಂಚು, ಒಂದೊಂದೂ ಎರಡೂವರೆ ಕಿಲೋ. ಮೂರು ಸಾವಿರ ಚದರಡಿ ಮಾಡೆಂದರೆ 4,500 ಹಂಚು, ಹನ್ನೊಂದು ಟನ್ನು. ಗಾಡಿಗೆ ಅರ್ಧ ಟನ್ ಹಿಡಿದರೂ ಇಪ್ಪತ್ತಕ್ಕೂ ಹೆಚ್ಚು ಗಾಡಿ!

ಇಷ್ಟು ಭಾರ ಹೊರುವುದು ಪಕಾಸು (ಇಳಿಜಾರಿನ ಉದ್ದಕ್ಕೆ ಇಳಿಯುವ ಮರ), ಅದರ ಮೇಲೆ ಅಡ್ಡಲಾಗಿ ಬಡಿದ ಪಟ್ಟಿಯಾದ ರೀಪು. ರೀಪಿನ ನಡುವಿನ ಅಂತರ ಸುಮಾರು ಹನ್ನೆರಡೂವರೆ ಇಂಚು. ಅನುಭವಿ ಆಚಾರಿ ಟೇಪು ನಂಬುವುದಿಲ್ಲ, ಹಂಚನ್ನೇ ಇಟ್ಟು ಗುರುತು ಹಾಕುತ್ತಾನೆ. ಹಂಚಿನ ಅಡಿಯ ಮೂಗು ರೀಪಿಗೆ ಕಚ್ಚಿಕೊಳ್ಳಬೇಕು. ಗೆದ್ದಲು ಹಿಡಿದು ರೀಪು ಬಾಗಿದರೆ ಹಂಚು ಒಡೆಯದೆಯೂ ಸೋರುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾದರೆ ಗಾಳಿಮಳೆ ನೀರನ್ನು ಜೋಡಣೆಯೊಳಕ್ಕೆ ಹಿಂದೆ ನೂಕುತ್ತದೆ. ಮುಖ್ಯ ಮಾಡು ಇಳಿದು ಜಗಲಿಯ ಮಾಡಿಗೆ ಸೇರುವ ಕಡೆ ಇಳಿಜಾರು ಕುಗ್ಗುವುದರಿಂದ ಮೊದಲು ನೋಡಬೇಕಾದ ಜಾಗವೇ ಅದು.

ಕೆಡಿಸಿದ್ದು ಬಹುಪಾಲು ನಮ್ಮ ರಿಪೇರಿಯೇ. ಮಾಡಿನ ಎರಡು ಇಳಿಜಾರು ಸೇರುವ ನೆತ್ತಿಯ ಮೇಲಿನ ಕೋಡಿನ ಹಂಚಿಗೆ ಮೊದಲು ಸುಣ್ಣದ ಗಾರೆ ಇರುತ್ತಿತ್ತು. ಮರ ಬಿಸಿಲಿಗೆ ಹಿಗ್ಗಿ ಕುಗ್ಗಿದರೆ ಅದೂ ಸ್ವಲ್ಪ ಹೊಂದಿಕೊಳ್ಳುತ್ತಿತ್ತು. ಸಿಮೆಂಟು ಸೀಳಿಬಿಡುತ್ತದೆ, ಆ ಸೀಳಲ್ಲಿ ಇಳಿದ ನೀರು ಕೋಡಿನ ಮರವನ್ನು ಕೊಳೆಸುತ್ತದೆ. ಮಣ್ಣಿನ ಗೋಡೆಗೂ ಇದೇ ಪಾಡು. ನೆಲದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಹೊರಗೆ ಆರುತ್ತಿತ್ತು. ಸಿಮೆಂಟ್ ಪ್ಲಾಸ್ಟರ್ ಬಳಿದರೆ ದಾರಿ ಮುಚ್ಚಿ ತೇವ ಮತ್ತೂ ಮೇಲಕ್ಕೆ ಹತ್ತುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ವಾಟರ್‌ಪ್ರೂಫ್ ಪೇಂಟ್ ಅದಕ್ಕೆ ಔಷಧಿಯಲ್ಲ. ಪ್ಲಾಸ್ಟರ್ ಕೆತ್ತಿ, ಒಂದು ಬೇಸಿಗೆ ಒಣಗಲು ಬಿಟ್ಟು, ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಮರಳು ಕಲಸಿ ಹಾಕಬೇಕು.

ಮೇ ತಿಂಗಳಲ್ಲಿ ಹಂಚು ಕೈಯಾಡಿಸುವಾಗ (ತೆಗೆದು ಸರಿಯಾಗಿ ಕೂರಿಸುವಾಗ) ಒಂದು ಹಂಚನ್ನು ಮಗುಚಿ ನೋಡಿ, ಅಡಿಯಲ್ಲಿ ಕಾರ್ಖಾನೆಯ ಹೆಸರಿರುತ್ತದೆ. ಒಂದು ಕಾರ್ಖಾನೆಯ ಅಚ್ಚಿನ ಕಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಹೊಸದನ್ನು ನಡುನಡುವೆ ತುರುಕಬೇಡಿ. ಒಳ್ಳೆಯ ಹಳೆ ಹಂಚನ್ನೆಲ್ಲ ಎದುರು ಮಾಡಿಗೆ ಕೂಡಿಸಿ, ಹೊಸದನ್ನು ಪೂರ್ತಿ ಹಿಂದಿನ ಮಾಡಿಗೆ ಹಾಕಿಸಿ.