ಸುನ್ನತಿ ಆಪರೇಷನ್ ಆಗಿ ಒಂಬತ್ತು ದಿನ: ಈ ಹಳದಿ ಪದರ ಕೀವಾ?

ಪ್ರಶ್ನೆ: ನನಗೆ 47 ವರ್ಷ. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆರು ವರ್ಷದಿಂದ ಶುಗರ್ ಇದೆ. ಮುಂದೊಗಲು ಬಿಗಿಯಾಗಿ ಹಿಂದಕ್ಕೆ ಸರಿಯುತ್ತಿರಲಿಲ್ಲ, ಬಿರುಕು ಬಿಟ್ಟು ಉರಿಯುತ್ತಿತ್ತು. ಚಿಕ್ಕಮಗಳೂರಿನಲ್ಲಿ ಸುನ್ನತಿ ಆಪರೇಷನ್ ಮಾಡಿಸಿಕೊಂಡೆ. ಇವತ್ತಿಗೆ ಒಂಬತ್ತು ದಿನ. ತುದಿಯ ಮೇಲೆ ಹಳದಿ ಪದರ ಕಟ್ಟಿದೆ, ಕೆಳಭಾಗ ಊದಿಕೊಂಡಿದೆ, ಎರಡು ಹೊಲಿಗೆ ಬಿದ್ದುಹೋಗಿವೆ, ಬಟ್ಟೆ ತಾಗಿದರೂ ಜುಮ್ಮೆನ್ನುತ್ತದೆ. ಇದು ಕೀವಾ? ಮೆಡಿಕಲ್ ಶಾಪಿನಲ್ಲಿ ಒಂದು ಮುಲಾಮು ಕೊಟ್ಟಿದ್ದಾರೆ, ಹಚ್ಚಲಾ? ನಮ್ಮತ್ತೆ ನಂಜಾಗುತ್ತದೆಂದು ಬದನೆಕಾಯಿ, ಮೀನು ಎಲ್ಲ ನಿಲ್ಲಿಸಿದ್ದಾರೆ. ಎಲ್ಲರಿಗೂ ಹರ್ನಿಯಾ ಆಪರೇಷನ್ ಅಂತ ಹೇಳಿದ್ದೇನೆ, ಹಾಗಾಗಿ ಯಾರನ್ನೂ ಕೇಳುವ ಹಾಗಿಲ್ಲ. ಬೈಕ್ ಯಾವಾಗ ಹತ್ತಬಹುದು? ಮುಂದೆ ‘ಶಕ್ತಿ’ ಕಡಿಮೆಯಾಗುತ್ತದಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಅದು ಕೀವಲ್ಲ, ಗಾಯ ಮಾಯುವಾಗ ಕಟ್ಟುವ ಪದರ ಎನ್ನುವ ಸಾಧ್ಯತೆಯೇ ಹೆಚ್ಚು. ಬಾಯಿಹುಣ್ಣಿನ ತಳ ಹಳದಿ ಬಿಳುಪಾಗಿರುವುದನ್ನು ಕನ್ನಡಿಯಲ್ಲಿ ನೋಡಿರುತ್ತೀರಿ. ಒದ್ದೆ ಜಾಗದಲ್ಲಿ ಗಾಯ ಒಣ ಹಕ್ಕಳೆ ಕಟ್ಟುವುದಿಲ್ಲ, ಹೀಗೆ ಮೆತ್ತಗಿನ ಪದರ ಕಟ್ಟುತ್ತದೆ. ಇಷ್ಟು ವರ್ಷ ತೊಗಲಿನ ಒಳಗೆ ಮುಚ್ಚಿಕೊಂಡಿದ್ದ, ಉರಿಯೂತದಿಂದ ತೊಗಲಿಗೆ ಅಂಟಿಕೊಂಡೂ ಇದ್ದಿರಬಹುದಾದ ತುದಿಯನ್ನು ಬಿಡಿಸಿ ತೆಗೆದಾಗ ಅದರ ಮೇಲ್ಮೈ ಹಸಿಯಾಗಿಯೇ ಇರುತ್ತದೆ. ಉಗುರಿನಿಂದಲೋ ಹತ್ತಿಯಿಂದಲೋ ಆ ಪದರವನ್ನು ಕೆರೆದು ತೆಗೆಯಬೇಡಿ. ತೆಗೆದಷ್ಟೂ ರಕ್ತ ಬರುತ್ತದೆ, ಮತ್ತೆ ಕಟ್ಟುತ್ತದೆ.

ಕೀವಿನ ನಡವಳಿಕೆಯೇ ಬೇರೆ. ಅದು ಹೊಲಿಗೆಯ ಸಂದಿನಿಂದ ಒಸರುತ್ತದೆ, ಗಟ್ಟಿಯಾಗಿರುತ್ತದೆ, ಕೆಟ್ಟ ವಾಸನೆ ಬರುತ್ತದೆ. ಸುತ್ತಲಿನ ಚರ್ಮ ಕೆಂಪಾಗಿ ಬಿಸಿಯಾಗುತ್ತದೆ, ಆ ಕೆಂಪು ದಿನದಿಂದ ದಿನಕ್ಕೆ ಹರಡುತ್ತದೆ. ಗಾಯ ಇವತ್ತು ಹೇಗಿದೆ ಎನ್ನುವುದಕ್ಕಿಂತ ನಿನ್ನೆಗೆ ಹೋಲಿಸಿದರೆ ಎತ್ತ ಸಾಗುತ್ತಿದೆ ಎನ್ನುವುದೇ ಮುಖ್ಯ. ನೋವು, ಊತ, ಕೆಂಪು ಮೂರೂ ನಿಧಾನವಾಗಿಯಾದರೂ ಇಳಿಮುಖವಾಗಿದ್ದರೆ ಗಾಬರಿ ಬೇಡ. ನಾಲ್ಕು ದಿನ ಆರಾಮವಾಗಿದ್ದ ನೋವು ಮತ್ತೆ ಏರತೊಡಗಿದರೆ ಡಾಕ್ಟರಿಗೆ ತೋರಿಸಿ.

ಊತ ಮೊದಲ ಎರಡು ಮೂರು ದಿನದಲ್ಲಿ ಜಾಸ್ತಿ ಇರುತ್ತದೆ. ಆಮೇಲೆ ಮೇಲ್ಭಾಗ ಇಳಿದರೂ ಕೆಳಗಿನ ಬದಿಯಲ್ಲಿ ನೀರು ತುಂಬಿದಂಥ ಊತ ಕೆಲವು ವಾರ ಉಳಿಯುವುದುಂಟು. ಒಳಚಡ್ಡಿಯನ್ನು ಸ್ವಲ್ಪ ಬಿಗಿಯಾದದ್ದೇ ಹಾಕಿಕೊಂಡು, ಶಿಶ್ನ ಹೊಟ್ಟೆಯ ಕಡೆಗೆ ಮೇಲ್ಮುಖವಾಗಿರುವಂತೆ ಇಟ್ಟುಕೊಂಡರೆ ಬೇಗ ಇಳಿಯುತ್ತದೆ. ಪಂಚೆ, ಲುಂಗಿಯೇ ಆರಾಮ ಎಂದು ತೂಗಾಡಲು ಬಿಟ್ಟವರಲ್ಲಿ ಊತ ಹೆಚ್ಚು ದಿನ ಎಳೆಯುತ್ತದೆ. ಹೊಲಿಗೆ ಕರಗುವ ದಾರದ್ದಾದರೆ ಒಂದರಿಂದ ಮೂರು ವಾರದೊಳಗೆ ಒಂದೊಂದಾಗಿ ಉದುರುತ್ತವೆ, ಎಳೆದು ತೆಗೆಯುವ ಕೆಲಸ ಬೇಡ. ಬಿದ್ದ ಜಾಗದಲ್ಲಿ ಸಣ್ಣ ಸಂದು ಕಂಡರೆ ಅದು ತಾನಾಗಿ ತುಂಬಿಕೊಳ್ಳುತ್ತದೆ. ಅಗಲವಾಗಿ ಬಾಯಿ ಬಿಟ್ಟಿದ್ದರೆ ಮಾತ್ರ ತೋರಿಸಿ.

ಸ್ನಾನ ದಿನಾ ಮಾಡಿ. ಡ್ರೆಸಿಂಗ್ ತೆಗೆದ ಮೇಲೆ ನೀರು ತಾಗಬಾರದು ಎಂಬ ಭಯ ಬೇಡ. ಉಗುರು ಬೆಚ್ಚಗಿನ ನೀರು ಮೇಲಿಂದ ಹರಿಯಲಿ, ಉಜ್ಜದೆ ಒತ್ತಿ ಒರೆಸಿ. ಬಟ್ಟೆಯೋ ಬ್ಯಾಂಡೇಜೋ ಅಂಟಿಕೊಂಡಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಿ. ಬಟ್ಟೆ ತಾಗದಿರಲು ತುದಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಜುಮ್ಮೆನ್ನುವುದು ಕಡಿಮೆಯಾಗುತ್ತದೆ. ಎರಡು ಮೂರು ವಾರದಲ್ಲಿ ಆ ಚರ್ಮ ಬಟ್ಟೆಗೆ ಒಗ್ಗಿಕೊಳ್ಳುತ್ತದೆ.

ಮಲೆನಾಡಿನ ಮಳೆಗಾಲದ ಬಗ್ಗೆ ಒಂದು ಮಾತು. ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಜುಲೈ ತಿಂಗಳಲ್ಲಿ ಬಟ್ಟೆ ಒಣಗುವುದೆಂದರೇನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅರೆ ಒಣಗಿದ ಒಳಚಡ್ಡಿ ಈ ಗಾಯದ ಮಟ್ಟಿಗೆ ಬದನೆಕಾಯಿಗಿಂತ ದೊಡ್ಡ ಶತ್ರು. ಹಾಕಿಕೊಳ್ಳುವ ಮುಂಚೆ ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿಕೊಳ್ಳಿ, ತೇವವಾದರೆ ಬದಲಾಯಿಸಿ. ಇಂಬಳ ಕಾಟವಿರುವ ತೋಟಕ್ಕೆ ಗಾಯ ಒಣಗುವವರೆಗೆ ಇಳಿಯದಿದ್ದರೆ ಒಳ್ಳೆಯದು. ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ.

ನಿಮ್ಮತ್ತೆಯವರಿಗೆ ಬೇಜಾರು ಮಾಡಬೇಡಿ. ಆದರೆ ಬದನೆಕಾಯಿಯಿಂದಲೋ ಮೀನಿನಿಂದಲೋ ಕೀವಾಗುವುದಿಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು, ಪಥ್ಯದ ಹೆಸರಿನಲ್ಲಿ ಬರೀ ಗಂಜಿ, ತಿಳಿಸಾರು ಅನ್ನ ಉಂಡರೆ ಅದು ಸಿಗುವುದಿಲ್ಲ. ಶುಗರೂ ಏರುತ್ತದೆ. ಮೀನು, ಮೊಟ್ಟೆ, ಹುರುಳಿ, ಮೊಳಕೆ ಕಾಳು ಧಾರಾಳವಾಗಿ ತಿನ್ನಿ. ಮಲಬದ್ಧತೆಯಾಗದಂತೆ ಸೊಪ್ಪು, ನೀರು ಇರಲಿ, ಮುಕ್ಕಿದರೆ ಹೊಲಿಗೆ ಜಗ್ಗುತ್ತದೆ. ಅರಿಶಿನ ಪುಡಿ, ಸುಣ್ಣ, ಹೊಗೆಸೊಪ್ಪು, ಡೆಟಾಲ್ ಯಾವುದನ್ನೂ ಹತ್ತಿರ ತರಬೇಡಿ. ಮೆಡಿಕಲ್ ಶಾಪಿನ ಮುಲಾಮನ್ನೂ ಸದ್ಯಕ್ಕೆ ಹಚ್ಚಬೇಡಿ. ಚರ್ಮಕ್ಕೆಂದು ಚೀಟಿಯಿಲ್ಲದೆ ಕೈಗಿಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿರುತ್ತಾರೆ. ಹಸಿ ಗಾಯಕ್ಕೆ ಸ್ಟೆರಾಯ್ಡ್ ಹಚ್ಚಿದರೆ ಮಾಯುವುದು ತಡವಾಗುತ್ತದೆ.

ಇನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ವಿಷಯ, ಶುಗರ್. ನನಗೆ ಹೊಲಿಗೆಗಿಂತ ಅದರದ್ದೇ ಚಿಂತೆ. ನಡುವಯಸ್ಸಿನಲ್ಲಿ ಮುಂದೊಗಲು ಬಿರುಕು ಬಿಟ್ಟು ಬಿಗಿಯಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಸಕ್ಕರೆ ಕಾಯಿಲೆಯೂ ಒಂದು. ಮೂತ್ರದಲ್ಲಿ ಹೋಗುವ ಸಕ್ಕರೆ ಆ ಜಾಗದಲ್ಲಿ ಫಂಗಸ್ ಬೆಳೆಸುತ್ತದೆ, ಮತ್ತೆ ಮತ್ತೆ ಉರಿಯೂತವಾಗಿ ತೊಗಲು ಗಟ್ಟಿಯಾಗುತ್ತದೆ. (ಶುಗರ್ ಇದೆಯೆಂದೇ ಗೊತ್ತಿಲ್ಲದ ಕೆಲವರಿಗೆ ಇದೇ ಮೊದಲ ಸೂಚನೆ. ಹೀಗಾಗುತ್ತಿರುವವರು ಮುಲಾಮಿಗಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ.) ನಿಮ್ಮ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿದೆಯಾ ನೋಡಿ. ಇವು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವ ಮಾತ್ರೆಗಳು. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯವು, ಆದರೆ ಜನನಾಂಗದ ಫಂಗಸ್ ಸೋಂಕು ಇವುಗಳ ಸಾಮಾನ್ಯ ಅಡ್ಡಪರಿಣಾಮ. ನೀವಾಗಿ ನಿಲ್ಲಿಸಬೇಡಿ, ಶುಗರ್ ನೋಡುವ ಡಾಕ್ಟರಿಗೆ ಈ ಆಪರೇಷನ್ ವಿಷಯ ತಿಳಿಸಿ. ಅವರಿಗೂ ಹರ್ನಿಯಾ ಎಂದಿದ್ದರೆ ಮಾತ್ರ ತೊಂದರೆ! ಮೂತ್ರ ಮಾಡಿದ ಪ್ರತಿ ಸಲ ಒಂದಿಷ್ಟು ನೀರು ಹಾಕಿ ತೊಳೆದು ಒರೆಸಿಕೊಳ್ಳುವುದನ್ನು ಕಾಯಂ ಅಭ್ಯಾಸ ಮಾಡಿಕೊಳ್ಳಿ.

ಶುಗರ್ ಇರುವವರು ತಡಮಾಡಬಾರದ ಸಂದರ್ಭಗಳಿವೆ. ಜ್ವರ, ಚಳಿ, ಕೆಂಪು ಬೀಜದ ಚೀಲದ ಕಡೆಗೋ ಹೊಟ್ಟೆಯ ಕಡೆಗೋ ಹರಡುವುದು, ಚರ್ಮ ಕಪ್ಪಾಗುವುದು, ಕಾಣುವ ಗಾಯಕ್ಕೆ ಮೀರಿದ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ತೆಗೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ಹೊರಡಿ. ಮೂತ್ರ ಕಟ್ಟಿಕೊಂಡರೂ ಹಾಗೆಯೇ.

ಬೈಕಿನ ವಿಷಯಕ್ಕೆ ಬಂದರೆ, ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಮೂರು ವಾರ ಮುಗಿಯಲಿ. ಕೂತು ಮಾಡುವ ಲೆಕ್ಕಪತ್ರದ ಕೆಲಸಕ್ಕೆ ಈಗಲೇ ಅಡ್ಡಿಯಿಲ್ಲ. ಹೆಂಡತಿಯೊಂದಿಗೆ ಸೇರಲು ಆರು ವಾರ ತಡೆಯಿರಿ, ಹೊರಗೆ ಮಾಯ್ದಂತೆ ಕಂಡರೂ ಒಳಗಿನ ಕೂಡಿಕೆ ಇನ್ನೂ ಎಳೆಯದು. ನಿದ್ದೆಯಲ್ಲಿ ನಿಮಿರಿ ಹೊಲಿಗೆ ಎಳೆದು ಎಚ್ಚರವಾದರೆ ಎದ್ದು ಮೂತ್ರ ಮಾಡಿ ನಾಲ್ಕು ಹೆಜ್ಜೆ ಓಡಾಡಿ, ಮಗ್ಗುಲಾಗಿ ಮಂಡಿ ಮಡಚಿ ಮಲಗಿ. ನೋವಾದರೂ ಅದು ಒಳ್ಳೆಯ ಸುದ್ದಿಯೇ, ನರಗಳು ಕೆಲಸ ಮಾಡುತ್ತಿವೆ ಎಂದರ್ಥ.

‘ಶಕ್ತಿ’ ಕುಂದುವ ಭಯಕ್ಕೆ ಆಧಾರವಿಲ್ಲ. ಎಚ್‌ಐವಿ ತಡೆಗೆ ಸುನ್ನತಿ ನೆರವಾಗುತ್ತದೆಯೇ ಎಂದು ಕೀನ್ಯಾ, ಉಗಾಂಡಗಳಲ್ಲಿ ಸಾವಿರಾರು ವಯಸ್ಕರ ಮೇಲೆ ನಡೆಸಿದ ಅಧ್ಯಯನಗಳು 2007ರಲ್ಲಿ ಪ್ರಕಟವಾದವು. ಅದೇ ಗಂಡಸರ ಲೈಂಗಿಕ ಆರೋಗ್ಯವನ್ನೂ ಗಮನಿಸಿದ್ದರು, ಆಪರೇಷನ್‌ನಿಂದ ನಿಮಿರುವಿಕೆಯೋ ಸುಖವೋ ಕುಗ್ಗಿದ್ದು ಕಾಣಲಿಲ್ಲ. ನಿಮಿರುವಿಕೆಯನ್ನು ನಿಜಕ್ಕೂ ಹಾಳು ಮಾಡುವುದು ಹತೋಟಿ ತಪ್ಪಿದ ಶುಗರ್ ಮತ್ತು ಬೀಡಿ, ಸಿಗರೇಟು. ಬಸ್ ಸ್ಟ್ಯಾಂಡ್ ಗೋಡೆಯ ‘ನರದೌರ್ಬಲ್ಯ’ ಪೋಸ್ಟರಿನ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.

ತೆಗೆದ ತೊಗಲನ್ನು ಲ್ಯಾಬಿಗೆ ಕಳಿಸಿದ್ದಾರಾ ಎಂದು ಕೇಳಿ, ಕಳಿಸಿದ್ದರೆ ರಿಪೋರ್ಟ್ ಪಡೆದು ಡಾಕ್ಟರಿಗೆ ತೋರಿಸಿ. ಚರ್ಮ ಬಿಳುಪಾಗಿ ಗಟ್ಟಿಯಾಗುವ ಲೈಕೆನ್ ಸ್ಕ್ಲೆರೋಸಸ್ ಎಂಬ ಕಾಯಿಲೆ ಅದರಲ್ಲಿ ಕಂಡುಬಂದರೆ ಮುಲಾಮಿನ ಚಿಕಿತ್ಸೆ ಮುಂದುವರಿಸಬೇಕಾಗಬಹುದು, ಮೂತ್ರದ್ವಾರ ಕಿರಿದಾಗುವ ಸಂಭವವೂ ಇರುತ್ತದೆ. ತಿಂಗಳುಗಳ ನಂತರ ಧಾರೆ ಸಣ್ಣದಾಗುತ್ತಿದೆ ಅನ್ನಿಸಿದರೆ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ.