ಗುಣ ಕಾಣಲಿಲ್ಲ ಅಂತ ಮಾತ್ರೆ ಬಿಟ್ಟವರಿಗೆ

"ಡಾಕ್ಟ್ರೇ, ವರ್ಷ ಪೂರ್ತಿ ನುಂಗಿದೆ. ಏನೂ ಗುಣ ಕಾಣ್ಲಿಲ್ಲ. ಅದಕ್ಕೇ ನಿಲ್ಲಿಸಿಬಿಟ್ಟೆ."

ಚಿಕ್ಕಮಗಳೂರಿನಲ್ಲಿ ಎದೆರೋಗದ ವೈದ್ಯನಾಗಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರು ದಡ್ಡರಲ್ಲ. ಯಾವ ವರ್ಷ ಎಷ್ಟು ಇಂಚು ಮಳೆ, ಮೆಣಸಿಗೆ ಯಾವಾಗ ಏನು ರೇಟು ಅಂತ ಬಾಯಲ್ಲೇ ಲೆಕ್ಕ ಇಟ್ಟುಕೊಂಡವರು. ಶ್ವಾಸಕೋಶದ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ, ಅದರ ಮಾತ್ರೆಯ ವಿಷಯಕ್ಕೆ ಬಂದಾಗ ಮಾತ್ರ ಅವರ ಲೆಕ್ಕ ತಪ್ಪುತ್ತದೆ.

ಯಾವ ಅಂಗಕ್ಕೆ ಪೆಟ್ಟಾದರೂ ರಿಪೇರಿಗೆ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಸೇರುತ್ತವೆ. ಟಿಜಿಎಫ್-ಬೀಟಾ ಎಂಬ ಪ್ರೋಟೀನು ಅವನ್ನು ಹುರಿದುಂಬಿಸುತ್ತದೆ. ಅವು ಕೊಲಾಜೆನ್ ನಾರು ಹಾಕಿ ಗಾಯ ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ಅವು ಸಾಯಬೇಕು. ಕೆಲವರಲ್ಲಿ ಸಾಯುವುದಿಲ್ಲ, ನಾರು ಹಾಕುತ್ತಲೇ ಇರುತ್ತವೆ. ಆ ಜಾಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಜಾಗವೇ ಆ ಕೋಶಗಳನ್ನು ಮತ್ತೆ ಕೆರಳಿಸುತ್ತದೆ. ಲಿವರ್, ಕಿಡ್ನಿ, ಹೃದಯ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಇದೇ ಕಥೆ. ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು. ಅದು ದಪ್ಪವಾದರೆ ಆಮ್ಲಜನಕ ದಾಟುವುದು ಕಷ್ಟ. ಕೂತಿದ್ದಾಗ ಗೊತ್ತಾಗುವುದಿಲ್ಲ. ತೋಟದ ಏರು ಹತ್ತುವಾಗ ಗೊತ್ತಾಗುತ್ತದೆ.

ಇದಕ್ಕೆ ನಾವು ಹೆಚ್ಚಾಗಿ ಬರೆಯುವ ಮಾತ್ರೆ ಎರಡು: ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್. ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ದಯವಿಟ್ಟು ಇದೊಂದು ತಿಳ್ಕೊಳ್ಳಿ. ಇವು ಆಗಲೇ ಆಗಿರುವ ನಾರಿನ ಕಲೆಯನ್ನು ಅಳಿಸುವುದಿಲ್ಲ. ಮುಂದಿನ ಹಾನಿಯ ವೇಗ ತಗ್ಗಿಸುತ್ತವೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಬ್ರೇಕು ಬಸ್ಸನ್ನು ವಾಪಸ್ ಕೊಟ್ಟಿಗೆಹಾರಕ್ಕೆ ಹತ್ತಿಸುವುದಿಲ್ಲ. ಹಾಗಂತ ಬ್ರೇಕು ಕಿತ್ತು ಎಸೆಯುತ್ತೇವಾ?

ಅಂಕಿಯಲ್ಲಿ ಹೇಳುತ್ತೇನೆ. ಎದೆ ತುಂಬ ಉಸಿರೆಳೆದು ಪೂರ್ತಿ ಊದಿದಾಗ ಬರುವ ಗಾಳಿಗೆ ಎಫ್‌ವಿಸಿ ಅನ್ನುತ್ತೇವೆ. ಐಪಿಎಫ್, ಅಂದರೆ ಕಾರಣ ಗೊತ್ತಾಗದ ಫೈಬ್ರೋಸಿಸ್ ಇದ್ದವರ ಮೇಲೆ ನಿಂಟೆಡಾನಿಬ್ ಪರೀಕ್ಷಿಸಿದಾಗ, ಔಷಧಿ ಇಲ್ಲದವರು ವರ್ಷಕ್ಕೆ 200ರಿಂದ 240 ಮಿಲಿ ಕಳೆದುಕೊಂಡರು. ಔಷಧಿ ತಗೊಂಡವರು ಸುಮಾರು 114 ಮಿಲಿ. ಕಳೆದುಕೊಂಡಿದ್ದು ಇಬ್ಬರೂ. ಎಷ್ಟು ಅನ್ನುವುದರಲ್ಲಿ ವ್ಯತ್ಯಾಸ. ಉಳಿದ ಆ ನೂರು ಮಿಲಿ ಮೈಗೆ ಗೊತ್ತಾಗುವುದಿಲ್ಲ, ಅಲ್ವಾ? ತೊಂದರೆ ಇರುವುದೇ ಅಲ್ಲಿ.

ಮೂಡಿಗೆರೆ ಕಡೆಯ ಒಬ್ಬ ತೋಟದ ರೈಟ್ರು (ಲೆಕ್ಕ ಬರೆಯುವವರು) ನೆನಪಾಗುತ್ತಾರೆ. ಮಾತ್ರೆ ಶುರು ಮಾಡಿದಾಗ ಅವರ ಎಫ್‌ವಿಸಿ 2.10 ಲೀಟರ್, ಮುಂದಿನ ವರ್ಷ 2.02. ಅವರಿಗೆ ಅದು ಸೋಲು. ನನಗೆ ಅದು ಒಳ್ಳೆಯ ವರ್ಷ. ಎಷ್ಟು ಹೇಳಿದರೂ ಒಪ್ಪಲಿಲ್ಲ. "ಸುಮ್ನೆ ದುಡ್ಡು ದಂಡ" ಅಂತ ಬಿಟ್ಟರು. ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಹಸಿವು ಹೆಚ್ಚಿತು, ಮುಖ ತುಂಬಿತು, "ಇದು ಹಿಡೀತು ನೋಡಿ" ಅಂತ ಖುಷಿಯಾದರು. ಸ್ಟೀರಾಯ್ಡ್ ಹಾಗೇ, ಮೈಗೆ ಹಿತ ಕೊಡುತ್ತದೆ. ಆದರೆ ಐಪಿಎಫ್‌ನಲ್ಲಿ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡನ್ನು ಅಜಥಯೋಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ಎಂಬ ಇನ್ನೆರಡು ಔಷಧಿಗಳ ಜೊತೆ ಕೊಟ್ಟು ನೋಡಿದ ಪ್ಯಾಂಥರ್ ಅಧ್ಯಯನದಲ್ಲಿ ಸಾವು, ಆಸ್ಪತ್ರೆ ಸೇರುವುದು ಎರಡೂ ಜಾಸ್ತಿಯಾಗಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದು ಪ್ರಕಟವಾಗಿದ್ದು 2012ರಲ್ಲಿ.

ರೈಟ್ರು ವಾಪಸ್ ಬಂದಾಗ ಅಂಕಿ 1.7ಕ್ಕೆ ಇಳಿದಿತ್ತು. ಬಿಡದಿದ್ದರೆ ಎಷ್ಟಿರುತ್ತಿತ್ತು ಅಂತ ಖಚಿತವಾಗಿ ಯಾರೂ ಹೇಳಲಾರರು. ಈಗ ಮಾತ್ರೆ ತಪ್ಪಿಸುವುದಿಲ್ಲ. ರೂಮಿನೊಳಗೆ ಬಂದು ಎರಡು ನಿಮಿಷ ಸುಧಾರಿಸಿಕೊಂಡ ಮೇಲೆ ಅವರು ಮೊದಲು ಕೇಳುವುದು ನನ್ನ ಊಟ ಆಯ್ತಾ ಅಂತ.

ಸ್ಟೀರಾಯ್ಡ್ ಎಲ್ಲರಿಗೂ ಕೆಟ್ಟದ್ದು ಅಂತ ಓದಿಕೊಳ್ಳಬೇಡಿ. ಬೂಸ್ಟು ಹಿಡಿದ ಹುಲ್ಲಿನ ಧೂಳು, ಪಾರಿವಾಳದ ಹಿಕ್ಕೆಯಿಂದ ಬರುವ ಅಲರ್ಜಿಯ ಬಗೆಯ ಫೈಬ್ರೋಸಿಸ್‌ನಲ್ಲಿ, ಸಂಧಿವಾತದ ಜೊತೆ ಬರುವ ಕೆಲವು ಬಗೆಗಳಲ್ಲಿ ಅದು ಬೇಕಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಹುಲ್ಲು ಬೂಸ್ಟು ಹಿಡಿಯದೆ ಇರುತ್ತದಾ? ಅದಕ್ಕೇ ಕೊಟ್ಟಿಗೆ, ಅಟ್ಟ, ಪಾರಿವಾಳ ಅಂತ ನಾನು ಅಷ್ಟೊಂದು ಕೇಳುವುದು. ಅಂಥವರಲ್ಲಿ ಕಾರಣ ದೂರ ಮಾಡುವುದೇ ಮೊದಲ ಚಿಕಿತ್ಸೆ.

"ನಮ್ಮ ಭಾವಂದು ಲಿವರ್ ಫೈಬ್ರೋಸಿಸ್ ಕಮ್ಮಿ ಆಯ್ತಲ್ಲ, ನಂದ್ಯಾಕೆ ಆಗಲ್ಲ?" ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲಿವರ್ ಮತ್ತೆ ಬೆಳೆಯಬಲ್ಲ ಅಂಗ. ಹೆಪಟೈಟಿಸ್ ಸಿ ವಾಸಿಯಾದರೆ, ಕುಡಿತ ಬಿಟ್ಟರೆ, ಕೊಬ್ಬಿನ ಲಿವರ್ ಇದ್ದವರು ತೂಕ ಇಳಿಸಿದರೆ ಎಷ್ಟೋ ಜನರಲ್ಲಿ ನಾರು ಕರಗುತ್ತದೆ. ಕೊಬ್ಬಿನ ಲಿವರ್‌ನಿಂದಾದ ಫೈಬ್ರೋಸಿಸ್‌ಗೆ 2024ರಲ್ಲಿ ರೆಸ್ಮೆಟಿರಾಮ್ ಎಂಬ ಮಾತ್ರೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಐಪಿಎಫ್‌ನಲ್ಲಿ ಹಾಗೆ ತೆಗೆದುಹಾಕಲು ಕಾರಣವೇ ಕೈಗೆ ಸಿಗುವುದಿಲ್ಲ. ಆದ ಕಲೆ ಅಳಿಸುವ ಔಷಧಿ ಇನ್ನೂ ಬಂದಿಲ್ಲ.

ಮಾತ್ರೆ ಬಿಡಲು ನಿಜವಾದ ಕಾರಣಗಳೂ ಇವೆ. ಬೆಲೆ ಒಂದು. ಪಿರ್ಫೆನಿಡೋನ್‌ನಿಂದ ವಾಕರಿಕೆ ಬರಬಹುದು, ಬಿಸಿಲು ತಾಗಿದರೆ ಚರ್ಮ ಕೆಂಪಾಗಬಹುದು. ಹೊಟ್ಟೆ ತುಂಬ ಊಟ ಮಾಡಿ ನುಂಗಿ. ಕಣದಲ್ಲಿ ಕಾಫಿ ಒಣಗಿಸುವಾಗ ತುಂಬು ತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಇರಲಿ. ನಿಂಟೆಡಾನಿಬ್‌ನಿಂದ ಭೇದಿ ಆಗುವುದು ಮಾಮೂಲಿ. ಎರಡರಲ್ಲೂ ಲಿವರ್ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಡೋಸ್ ಕಮ್ಮಿ ಮಾಡಬಹುದು, ಕೆಲ ದಿನ ನಿಲ್ಲಿಸಿ ಮತ್ತೆ ಕೊಡಬಹುದು, ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು. ನೀವೇ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ. ಬರುವಾಗ ಹಳೆಯ ಊದಿದ ಪರೀಕ್ಷೆಯ ರಿಪೋರ್ಟ್ ತನ್ನಿ. ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ನೋಡದೆ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನನಗೂ ಹೇಳಲು ಬರುವುದಿಲ್ಲ.